ವಿಮಾ ಫಾರಂನ ಒಂದು ಟಿಕ್: ಕಾರಿನ ಟ್ರ್ಯಾಕರ್ ಬಗ್ಗೆ ಏನು ಹೇಳಬೇಕು, ಎಷ್ಟು ಹೇಳಬೇಕು?

ಈಚಿನ ವರ್ಷಗಳಲ್ಲಿ ಕಾರು ವಿಮೆಯ ಬಗ್ಗೆ ಬಂದ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಕೆನಡಾದಲ್ಲಿ ಕೆಲವು ವಿಮಾ ಕಂಪನಿಗಳು ಒಂದು ಹೊಸ ಷರತ್ತು ತಂದವು. ಹೆಚ್ಚು ಕಳುವಾಗುವ ಮಾದರಿಯ ಕಾರು ನಿಮ್ಮದಾಗಿದ್ದರೆ, ಕಾರು ಎಲ್ಲಿದೆ ಎಂದು ತಿಳಿಸುವ ಟ್ರ್ಯಾಕರ್ ಹಾಕಿಸಿ, ಇಲ್ಲದಿದ್ದರೆ ಪ್ರೀಮಿಯಂ ಜೊತೆ ಹೆಚ್ಚುವರಿ ಶುಲ್ಕ ಕಟ್ಟಿ ಎಂದವು. ಅತ್ತ ಅಮೆರಿಕದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಜನರಲ್ ಮೋಟರ್ಸ್ ಕಾರುಗಳು ಕಳಿಸುತ್ತಿದ್ದ ಚಾಲನೆಯ ಮಾಹಿತಿ ಡೇಟಾ ಕಂಪನಿಗಳ ಮೂಲಕ ವಿಮಾ ಕಂಪನಿಗಳ ಕೈಸೇರುತ್ತಿತ್ತು ಎಂಬ ವರದಿ 2024ರ ಮಾರ್ಚ್‌ನಲ್ಲಿ ಬಂತು. ಇಂಥ ಮಾಹಿತಿಯನ್ನು ಆ ಡೇಟಾ ಕಂಪನಿಗಳಿಗೆ ಐದು ವರ್ಷ ಕೊಡದಂತೆ ತಡೆಯುವ ಕ್ರಮವನ್ನು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಪ್ರಕಟಿಸಿತು.

ಒಂದು ಸುದ್ದಿ ಓದಿದರೆ ಟ್ರ್ಯಾಕರ್ ಇದ್ದರೆ ಒಳ್ಳೆಯದು ಅನಿಸುತ್ತದೆ. ಇನ್ನೊಂದು ಓದಿದರೆ ಅದರ ಬಗ್ಗೆ ಬಾಯಿ ಬಿಡದಿರುವುದೇ ಒಳ್ಳೆಯದು ಅನಿಸುತ್ತದೆ. ಅದೇ ಹೊತ್ತಿಗೆ ಪಾಲಿಸಿ ಕೊಳ್ಳುವಾಗ ಫಾರಂನಲ್ಲಿ ಆ ಪ್ರಶ್ನೆ ಎದುರಾಗುತ್ತದೆ: ‘ನಿಮ್ಮ ಕಾರಿನಲ್ಲಿ ಟ್ರ್ಯಾಕರ್ ಇದೆಯೇ? ಅಲಾರಂ, ಇಮ್ಮೊಬಿಲೈಸರ್ ಇದೆಯೇ?’ ಹೌದು ಅಂದರೆ ದುಡ್ಡು ಉಳಿಯಬಹುದು ಎಂದುಕೊಂಡು ಹಲವರು ಸುಮ್ನೆ ಟಿಕ್ ಮಾಡಿ ಮುಂದೆ ಹೋಗುತ್ತಾರೆ. ಇನ್ನು ಕೆಲವರು ರಗಳೆ ಬೇಡ ಎಂದು ‘ಇಲ್ಲ’ ಒತ್ತುತ್ತಾರೆ.

ಈ ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ. ಇರುವ ಟ್ರ್ಯಾಕರನ್ನು ಹೇಳದೆ ಬಿಟ್ಟರೆ ಸಾಮಾನ್ಯವಾಗಿ ಸ್ವಲ್ಪ ರಿಯಾಯಿತಿ ತಪ್ಪುತ್ತದೆ, ಅಷ್ಟೇ. ಇಲ್ಲದ್ದನ್ನು, ಅಥವಾ ಕೆಲಸ ಮಾಡದ್ದನ್ನು, ಇದೆ ಎಂದು ಹೇಳಿದರೆ ಕಾರು ಕಳುವಾದ ದಿನ ಇಡೀ ಕ್ಲೈಮೇ ಕೈತಪ್ಪಬಹುದು. ಯಾಕೆ ಹೀಗೆ ಅನ್ನುವುದನ್ನು ಬುಡದಿಂದ ನೋಡೋಣ.

ಪ್ರಶ್ನೆ ಕೇಳುವುದು ಯಾಕೆ?

ಕಳ್ಳತನದ ವಿಮೆಗೆ ಬೆಲೆ ಕಟ್ಟುವಾಗ ಕಂಪನಿ ಎರಡು ವಿಷಯ ನೋಡುತ್ತದೆ. ಈ ಕಾರು ಕಳುವಾಗುವ ಸಾಧ್ಯತೆ ಎಷ್ಟು? ಕಳುವಾದರೆ ನಷ್ಟ ಎಷ್ಟು? ಇಮ್ಮೊಬಿಲೈಸರ್ ಮೊದಲನೆಯದನ್ನು ಕಡಿಮೆ ಮಾಡುತ್ತದೆ. ಟ್ರ್ಯಾಕರ್ ಮುಖ್ಯವಾಗಿ ಎರಡನೆಯದನ್ನು ಕಡಿಮೆ ಮಾಡುತ್ತದೆ. ಟ್ರ್ಯಾಕರ್ ಕಳ್ಳನನ್ನು ತಡೆಯುವುದಿಲ್ಲ. ಅವನು ಹೋದ ಮೇಲೆ ಕಾರು ಎಲ್ಲಿದೆ ಎಂದು ಹೇಳುತ್ತದೆ. ಕಾರು ಬೇಗ, ಒಂದೇ ತುಂಡಾಗಿ ಸಿಕ್ಕರೆ ಕಂಪನಿ ಇಡೀ ಕಾರಿನ ಬೆಲೆ ಕೊಡುವ ಬದಲು ಬಾಗಿಲಿನ ಲಾಕ್ ರಿಪೇರಿಗೆ ಕೊಟ್ಟರೆ ಸಾಕು.

ಇಮ್ಮೊಬಿಲೈಸರ್ ಎಂದರೆ ಕೀಲಿಯೊಳಗಿನ ಸಣ್ಣ ಚಿಪ್ ಮತ್ತು ಕಾರಿನ ಕಂಪ್ಯೂಟರ್ ನಡುವಿನ ಗುರುತು ಪರೀಕ್ಷೆ. ಚಿಪ್ ಸರಿಯಾದ ಉತ್ತರ ಕೊಡದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ತಂತಿ ಜೋಡಿಸಿ ಓಡಿಸಿಕೊಂಡು ಹೋಗುವ ಹಳೇ ಉಪಾಯಕ್ಕೆ ಕಡಿವಾಣ ಬಿದ್ದದ್ದು ಇದರಿಂದಲೇ. ಯುರೋಪಿನಲ್ಲಿ ಹೊಸ ಕಾರುಗಳಿಗೆ ಇದು 1998ರಿಂದ ಕಡ್ಡಾಯ. ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ. ಅಮೆರಿಕ ಮಾತ್ರ ಇದನ್ನು ಕಡ್ಡಾಯ ಮಾಡಲಿಲ್ಲ.

ಅದರ ಫಲ ಏನಾಯಿತು ಎಂಬುದನ್ನು ಎಲ್ಲರೂ ನೋಡಿದರು. ಅಮೆರಿಕದಲ್ಲಿ ಮಾರಾಟವಾದ ಹ್ಯುಂಡೈ ಮತ್ತು ಕಿಯಾದ ಹಲವು ಮಾದರಿಗಳಲ್ಲಿ ಇಮ್ಮೊಬಿಲೈಸರ್ ಇರಲೇ ಇಲ್ಲ. 2015ರ ಮಾದರಿಗಳನ್ನು ತೆಗೆದುಕೊಂಡರೆ, ಬೇರೆ ಕಂಪನಿಗಳ ಶೇ. 96ರಷ್ಟು ಮಾದರಿಗಳಲ್ಲಿ ಅದು ಕಾರಿನ ಜೊತೆಗೇ ಬರುತ್ತಿತ್ತು. ಈ ಎರಡು ಕಂಪನಿಗಳಲ್ಲಿ ಶೇ. 26ರಲ್ಲಿ ಮಾತ್ರ. ಸ್ಟೀರಿಂಗ್ ಕೆಳಗಿನ ಮುಚ್ಚಳ ಕಿತ್ತು, ಕೀಲಿ ಹಾಕುವ ಸಿಲಿಂಡರ್ ತೆಗೆದು, ಒಂದು ಯುಎಸ್‌ಬಿ ಕೇಬಲ್‌ನ ತುದಿಯನ್ನು ತೂರಿಸಿ ತಿರುಗಿಸಿದರೆ ಸಾಕು, ಕಾರು ಸ್ಟಾರ್ಟ್. ಇದರ ವಿಡಿಯೊಗಳು 2022ರಲ್ಲಿ ಟಿಕ್‌ಟಾಕ್‌ನಲ್ಲಿ ಹಬ್ಬಿದವು. ಕಳ್ಳತನ ಎಷ್ಟು ಏರಿತೆಂದರೆ 2023ರ ಆರಂಭದಲ್ಲಿ ಸ್ಟೇಟ್ ಫಾರ್ಮ್ ಮತ್ತು ಪ್ರೊಗ್ರೆಸಿವ್ ಎಂಬ ದೊಡ್ಡ ವಿಮಾ ಕಂಪನಿಗಳು ಕೆಲವು ಊರುಗಳಲ್ಲಿ ಆ ಮಾದರಿಗಳಿಗೆ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿದವು. ಆಮೇಲೆ ಸುಮಾರು 83 ಲಕ್ಷ ಕಾರುಗಳಿಗೆ ಸಾಫ್ಟ್‌ವೇರ್ ಬದಲಾವಣೆಯನ್ನು ಉಚಿತವಾಗಿ ಕೊಡಬೇಕಾಯಿತು.

ಒಂದು ಚಿಪ್ ಇದ್ದರೆ ವಿಮೆ ಸಿಗುತ್ತದೆ, ಇಲ್ಲದಿದ್ದರೆ ಸಿಗುವುದೇ ಇಲ್ಲ ಎಂಬ ಸ್ಥಿತಿ ಅದು. ಫಾರಂನಲ್ಲಿನ ಪ್ರಶ್ನೆಯ ಹಿಂದೆ ಇಷ್ಟು ಭಾರ ಇದೆ.

ಕಾರ್ಖಾನೆಯ ಬೀಗ ಸಾಲದಾದಾಗ

ಹಾಗಾದರೆ ಇಮ್ಮೊಬಿಲೈಸರ್ ಇರುವ ಕಾರು ಭದ್ರ ಅಲ್ವಾ? ಬಹಳ ವರ್ಷ ಹಾಗೇ ಇತ್ತು. ಕೀಲಿ ಜೇಬಿನಲ್ಲಿದ್ದರೆ ಸಾಕು, ಬಟನ್ ಒತ್ತಿ ಹೊರಡಬಹುದು ಎಂಬ ಸೌಕರ್ಯ ಬಂದ ಮೇಲೆ ಲೆಕ್ಕ ಬದಲಾಯಿತು. ಕೀಲಿ ಮನೆಯೊಳಗಿರುತ್ತದೆ. ಒಬ್ಬ ಕಳ್ಳ ಆಂಟೆನಾ ಹಿಡಿದು ಬಾಗಿಲ ಬಳಿ ನಿಲ್ಲುತ್ತಾನೆ. ಇನ್ನೊಬ್ಬ ಕಾರಿನ ಪಕ್ಕ ನಿಲ್ಲುತ್ತಾನೆ. ಇಬ್ಬರ ಕೈಯಲ್ಲಿರುವ ಸಾಧನಗಳು ಕೀಲಿಯ ಮತ್ತು ಕಾರಿನ ಸಂಕೇತಗಳನ್ನು ಅತ್ತಿತ್ತ ದಾಟಿಸುತ್ತವೆ. ಕೀಲಿ ಪಕ್ಕದಲ್ಲೇ ಇದೆ ಎಂದು ಕಾರು ನಂಬುತ್ತದೆ. ಒಂದು ಗೀರೂ ಬೀಳದೆ ಕಾರು ಹೋಗುತ್ತದೆ.

ಇದಕ್ಕಿಂತ ಮುಂದಿನ ಹಂತವೂ ಬಂತು. ಲಂಡನ್‌ನಲ್ಲಿ ವಾಹನಗಳ ಸೈಬರ್ ಭದ್ರತೆಯಲ್ಲೇ ಕೆಲಸ ಮಾಡುವ ಒಬ್ಬ ಸಂಶೋಧಕರ ಟೊಯೋಟಾ ರಾವ್4 ಕಾರು 2022ರಲ್ಲಿ ಕಳುವಾಯಿತು. ಅದಕ್ಕೂ ಮೊದಲು ಒಮ್ಮೆ ಮುಂದಿನ ಬಂಪರ್ ಎಳೆದು, ಹೆಡ್‌ಲೈಟ್‌ನ ತಂತಿ ಕಿತ್ತಿದ್ದರು. ಯಾರೋ ಪುಂಡರ ಕೆಲಸ ಎಂದೇ ಮೊದಲು ಅನಿಸಿತ್ತು. ಮತ್ತೊಮ್ಮೆ ಹಾಗೇ ಆಯಿತು. ಕೆಲವೇ ದಿನಗಳಲ್ಲಿ ಕಾರೇ ಇರಲಿಲ್ಲ. ಹೆಡ್‌ಲೈಟ್‌ವರೆಗೂ ಕಾರಿನ ಒಳಜಾಲದ ತಂತಿ ಬಂದಿರುತ್ತದೆ. ಕಳ್ಳರು ಆ ತಂತಿಗೆ ಸಾಧನ ಸಿಕ್ಕಿಸಿ, ‘ಸರಿಯಾದ ಕೀಲಿ ಬಂದಿದೆ’ ಎಂಬ ಸುಳ್ಳು ಸಂದೇಶ ಕಳಿಸಿದ್ದರು. ಆ ಸಾಧನವನ್ನು ಒಂದು ಸಣ್ಣ ಬ್ಲೂಟೂತ್ ಸ್ಪೀಕರ್‌ನ ಡಬ್ಬಿಯೊಳಗೆ ಅಡಗಿಸಿ ಮಾರುತ್ತಿದ್ದರು. 2023ರ ಏಪ್ರಿಲ್‌ನಲ್ಲಿ ಇದರ ಪೂರ್ತಿ ವಿವರ ಹೊರಬಂದಾಗ ಕಾರು ಕಂಪನಿಗಳೂ ವಿಮಾ ಕಂಪನಿಗಳೂ ಎಚ್ಚೆತ್ತವು.

ಇದರ ನೇರ ಪರಿಣಾಮ ಫಾರಂ ಮೇಲೆ ಆಯಿತು. ಹಿಂದೆ ‘ಕಾರ್ಖಾನೆಯಲ್ಲಿ ಹಾಕಿದ ಇಮ್ಮೊಬಿಲೈಸರ್ ಇದೆ’ ಎಂದರೆ ಸಾಕಾಗುತ್ತಿತ್ತು. ಈಗ ಬೆಲೆಬಾಳುವ ಕಾರುಗಳಿಗೆ ಅದು ಸಾಲದು ಎನ್ನುವ ಕಂಪನಿಗಳಿವೆ. ಹೊರಗಿನಿಂದ ಹಾಕಿಸಿದ, ಮಾನ್ಯತೆ ಪಡೆದ, ದಿನದ 24 ಗಂಟೆಯೂ ಯಾರಾದರೂ ನಿಗಾ ಇಡುವ ಟ್ರ್ಯಾಕರ್ ಬೇಕು ಎನ್ನುತ್ತವೆ.

ಒಂದೇ ಹೆಸರು, ಬೇರೆ ಬೇರೆ ವಸ್ತು

ಇಲ್ಲಿಂದಲೇ ಮುಖ್ಯ ತೊಡಕು ಶುರು. ‘ಟ್ರ್ಯಾಕರ್’ ಎಂಬ ಒಂದೇ ಮಾತು ಕನಿಷ್ಠ ನಾಲ್ಕು ವಸ್ತುಗಳಿಗೆ ಓಡುತ್ತಿದೆ.

ಫೋನಿನ ಆಪ್ ತೆರೆದರೆ ಕಾರು ಎಲ್ಲಿ ನಿಂತಿದೆ ಎಂದು ತೋರಿಸುವ, ಕಾರು ತಯಾರಕರದ್ದೇ ಆದ ವ್ಯವಸ್ಥೆ ಒಂದು. ಸೀಟಿನ ಕೆಳಗೆ ಬಚ್ಚಿಟ್ಟ ಏರ್‌ಟ್ಯಾಗ್‌ನಂಥ ಸಣ್ಣ ಬಿಲ್ಲೆ ಇನ್ನೊಂದು. ಹೇಗೆ ಓಡಿಸುತ್ತೀರಿ, ಎಷ್ಟು ಓಡಿಸುತ್ತೀರಿ ಎಂದು ಅಳೆದು ಪ್ರೀಮಿಯಂ ನಿಗದಿ ಮಾಡಲು ವಿಮಾ ಕಂಪನಿಯೇ ಕೊಡುವ ಬ್ಲ್ಯಾಕ್ ಬಾಕ್ಸ್ ಮೂರನೆಯದು. ಕಳ್ಳತನಕ್ಕೆಂದೇ ಇರುವ, ಚಂದಾ ಕಟ್ಟಿ ನಡೆಸುವ, ನಿಗಾ ಕೇಂದ್ರಕ್ಕೆ ಜೋಡಿಸಿದ ಟ್ರ್ಯಾಕರ್ ನಾಲ್ಕನೆಯದು.

ವಿಮಾ ಕಂಪನಿ ಭದ್ರತೆಯ ಪ್ರಶ್ನೆ ಕೇಳುವಾಗ ಬಹುತೇಕ ಈ ನಾಲ್ಕನೆಯದನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತದೆ. ಉತ್ತರ ಕೊಡುವವರ ಮನಸ್ಸಿನಲ್ಲಿ ಮೊದಲನೆಯದೋ ಎರಡನೆಯದೋ ಇರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೂ ಪಾಲಿಸಿಯಲ್ಲಿ ಒಂದು ತಪ್ಪು ಮಾಹಿತಿ ಕೂತುಬಿಡುತ್ತದೆ.

ಬ್ರಿಟನ್‌ನಲ್ಲಿ ಈ ಗೊಂದಲ ತಪ್ಪಿಸಲು ದರ್ಜೆಗಳನ್ನು ಮಾಡಿದ್ದಾರೆ. ವಿಮಾ ಕಂಪನಿಗಳೇ ಸೇರಿ 1969ರಲ್ಲಿ ಕಟ್ಟಿದ ಥ್ಯಾಚಮ್ ಎಂಬ ಸಂಶೋಧನಾ ಸಂಸ್ಥೆ ಅಲ್ಲಿ ಅಲಾರಂ, ಇಮ್ಮೊಬಿಲೈಸರ್, ಟ್ರ್ಯಾಕರ್‌ಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುತ್ತದೆ. 2019ರಿಂದ ಟ್ರ್ಯಾಕರ್‌ಗಳಿಗೆ ಎಸ್5, ಎಸ್7 ಎಂಬ ದರ್ಜೆಗಳು ಜಾರಿಯಲ್ಲಿವೆ. ಎಸ್7ರಲ್ಲಿ ಕಾರಿನ ಜಾಗ ಪತ್ತೆಯಾಗುತ್ತದೆ, 24 ಗಂಟೆ ನಿಗಾ ಇರುತ್ತದೆ. ಎಸ್5ರಲ್ಲಿ ಇದರ ಜೊತೆ ಚಾಲಕನ ಗುರುತೂ ಸೇರಿದೆ. ಮಾಲೀಕರ ಜೇಬಿನಲ್ಲಿ ಒಂದು ಬಿಲ್ಲೆ ಇರಬೇಕು. ಅದಿಲ್ಲದೆ ಕಾರು ಕದಲಿದರೆ, ಕೀಲಿ ಹಾಕಿಯೇ ಓಡಿಸುತ್ತಿದ್ದರೂ, ನಿಗಾ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಪಾಲಿಸಿ ಎಸ್5 ಕೇಳಿದ್ದು, ಕಾರಿನಲ್ಲಿ ಎಸ್7 ಇದ್ದರೆ ‘ಟ್ರ್ಯಾಕರ್ ಇದೆ’ ಎಂಬ ಉತ್ತರ ಅರ್ಧ ಮಾತ್ರ ನಿಜ.

ಏರ್‌ಟ್ಯಾಗ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇದನ್ನೇ ನೆಚ್ಚಿಕೊಂಡವರು ಬಹಳ ಜನ. ಅದು ಕಳೆದುಹೋದ ಚೀಲ ಹುಡುಕಲು ಮಾಡಿದ ವಸ್ತು. ಯಾರದ್ದಾದರೂ ಜೊತೆ ಅಪರಿಚಿತ ಏರ್‌ಟ್ಯಾಗ್ ಚಲಿಸುತ್ತಿದ್ದರೆ ಅವರ ಫೋನಿಗೆ ಎಚ್ಚರಿಕೆ ಬರುತ್ತದೆ. ಹೆಂಗಸರನ್ನು ಹಿಂಬಾಲಿಸಲು ಅದನ್ನು ಬಳಸಬಾರದೆಂದು ಈ ವ್ಯವಸ್ಥೆ ಇದೆ, ಇರಲೂ ಬೇಕು. ಆದರೆ ಕಾರು ಕದ್ದವನಿಗೂ ಅದೇ ಎಚ್ಚರಿಕೆ ಹೋಗುತ್ತದೆ. ಅವನು ಬಿಲ್ಲೆ ಹುಡುಕಿ ಬಿಸಾಡುತ್ತಾನೆ. ಕಾರು ಪತ್ತೆಗೆ ಅದರಿಂದ ಸಹಾಯವಾದ ಉದಾಹರಣೆಗಳಿವೆ. ಬಚ್ಚಿಡಿ, ತಪ್ಪೇನಿಲ್ಲ. ಆದರೆ ಅದನ್ನು ನೆಚ್ಚಿ ಫಾರಂನಲ್ಲಿ ‘ಹೌದು’ ಎನ್ನಬೇಡಿ.

ಅಪ್ಪಟ ಟ್ರ್ಯಾಕರ್‌ಗಳಲ್ಲೂ ವ್ಯತ್ಯಾಸವಿದೆ. ಜಿಪಿಎಸ್ ಮತ್ತು ಮೊಬೈಲ್ ಸಂಕೇತ ಎರಡನ್ನೇ ನಂಬಿದ ಟ್ರ್ಯಾಕರ್, ಕಾರನ್ನು ಕಬ್ಬಿಣದ ಕಂಟೇನರ್‌ನೊಳಗೆ ತುಂಬಿದ ಕೂಡಲೇ ಮೂಕವಾಗಬಹುದು. ಕದ್ದ ಕಾರುಗಳನ್ನು ಕಂಟೇನರ್‌ನಲ್ಲಿ ಹಡಗಿಗೆ ಹತ್ತಿಸುವ ದಂಧೆ ಕೆನಡಾದ ದೊಡ್ಡ ತಲೆನೋವು. ಅದಕ್ಕೇ ಅಲ್ಲಿ ರೇಡಿಯೊ ಅಲೆಗಳಿಂದ ಹುಡುಕಬಹುದಾದ, ಕಾರಿನ ಹಲವು ಕಡೆ ಬಚ್ಚಿಡುವ ಸಾಧನಗಳಿಗೆ ವಿಮಾ ಕಂಪನಿಗಳು ಒತ್ತು ಕೊಡುತ್ತಿವೆ.

ರಿಯಾಯಿತಿ ಯಾಕಿಷ್ಟು ಕಡಿಮೆ?

ಟ್ರ್ಯಾಕರ್‌ಗೆ ದುಡ್ಡು ಹಾಕಿದವರ ದೊಡ್ಡ ದೂರು ಇದು. ಸಾಧನಕ್ಕೆ ಹಣ, ಪ್ರತಿವರ್ಷ ಚಂದಾ, ಆದರೆ ಪ್ರೀಮಿಯಂನಲ್ಲಿ ಇಳಿಯುವುದು ಚೂರು. ಭಾರತದ 2002ರ ಮೋಟಾರು ವಿಮಾ ದರಪಟ್ಟಿಯಲ್ಲೂ ಹೀಗೇ ಇತ್ತು. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಮಾನ್ಯತೆ ಪಡೆದ ಕಳ್ಳತನ ನಿರೋಧಕ ಸಾಧನವಿದ್ದರೆ ಸ್ವಂತ ಹಾನಿಯ (ನಿಮ್ಮದೇ ಕಾರಿಗೆ ಆಗುವ ನಷ್ಟದ) ಭಾಗದ ಪ್ರೀಮಿಯಂನಲ್ಲಿ ಶೇ. 2.5 ರಿಯಾಯಿತಿ, ಅದೂ 500 ರೂಪಾಯಿ ಮೀರದಂತೆ. ಸಾಧನ ಹಾಕಿದ್ದಕ್ಕೆ ಮಾನ್ಯ ಆಟೊಮೊಬೈಲ್ ಸಂಘದ ಪ್ರಮಾಣಪತ್ರವೂ ಬೇಕಿತ್ತು.

ಇದಕ್ಕೆ ಒಂದು ಸರಳ ಕಾರಣವಿದೆ. ಪ್ರೀಮಿಯಂನಲ್ಲಿ ಕಳ್ಳತನದ ಪಾಲು ಚಿಕ್ಕದು. ದೊಡ್ಡ ಪಾಲು ಅಪಘಾತದ್ದು, ಬೇರೆಯವರಿಗೆ ಆಗುವ ಹಾನಿಯದ್ದು. ಟ್ರ್ಯಾಕರ್ ಅವುಗಳನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲಿ ಬಂದ ಲೋಜ್ಯಾಕ್ ಎಂಬ ಟ್ರ್ಯಾಕರ್ ಬಗ್ಗೆ ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲೋಜ್ಯಾಕ್ ಯಾವ ಕಾರಿನಲ್ಲಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ, ಗಾಜಿನ ಮೇಲೆ ಸ್ಟಿಕ್ಕರ್ ಕೂಡ ಇರುವುದಿಲ್ಲ. ಹಾಗಾಗಿ ಕಳ್ಳನಿಗೆ ಪ್ರತಿ ಕಾರಿನ ಮೇಲೂ ಅನುಮಾನ. ಊರಿನಲ್ಲಿ ಕೆಲವರು ಹಾಕಿಸಿದರೂ ಒಟ್ಟು ಕಳ್ಳತನವೇ ಇಳಿಯಿತು. ಹೀಗೆ ಸಮಾಜಕ್ಕೆ ಆದ ಲಾಭದಲ್ಲಿ ಹಾಕಿಸಿದವರ ಪಾಲಿಗೆ ಬಂದದ್ದು ಹತ್ತನೇ ಒಂದಂಶಕ್ಕಿಂತ ಕಡಿಮೆ ಎಂದು ಅವರು ಲೆಕ್ಕ ಹಾಕಿದರು. ಉಳಿದದ್ದು ಟ್ರ್ಯಾಕರ್ ಇಲ್ಲದ ಅಕ್ಕಪಕ್ಕದ ಮಾಲೀಕರಿಗೆ, ಅವರ ವಿಮಾ ಕಂಪನಿಗಳಿಗೆ ಹೋಯಿತು.

ನಿಮ್ಮ ಟ್ರ್ಯಾಕರ್‌ನಿಂದ ಇನ್ನೊಂದು ಕಂಪನಿಗೂ ಲಾಭ ಆಗುತ್ತಿದ್ದರೆ, ನಿಮ್ಮ ಕಂಪನಿ ಒಂದೇ ಯಾಕೆ ದೊಡ್ಡ ರಿಯಾಯಿತಿ ಕೊಡಬೇಕು? ಮಾರುಕಟ್ಟೆಗೆ ಬಿಟ್ಟರೆ ರಿಯಾಯಿತಿ ಸಣ್ಣದಾಗಿಯೇ ಉಳಿಯುತ್ತದೆ. ಗುಟ್ಟಾಗಿ ಬಚ್ಚಿಟ್ಟ ಸಾಧನಕ್ಕೆ ಸಿಗುವ ರಿಯಾಯಿತಿ ಅದರ ನಿಜವಾದ ಬೆಲೆಗಿಂತ ಕಡಿಮೆ ಎಂಬ ಗ್ರಾಹಕರ ದೂರಿನಲ್ಲಿ ಹುರುಳಿದೆ. ಆದರೆ ಆ ಸಣ್ಣ ರಿಯಾಯಿತಿಯ ಆಸೆಗೆ ಮಾಡಿದ ಟಿಕ್ ಎಷ್ಟು ದುಬಾರಿಯಾಗಬಹುದು ಎಂಬುದೇ ಮುಂದಿನ ವಿಷಯ.

ಮಾಹಿತಿ ಬೇರೆ, ಷರತ್ತು ಬೇರೆ

ವಿಮೆ ನಿಂತಿರುವುದು ನಂಬಿಕೆಯ ಮೇಲೆ. ಕಾರಿನ ಬಗ್ಗೆ ಮಾಲೀಕರಿಗೆ ಗೊತ್ತಿರುವುದು ಕಂಪನಿಗೆ ಗೊತ್ತಿರುವುದಿಲ್ಲ. ಅದಕ್ಕೇ ಇಂಗ್ಲೆಂಡಿನಲ್ಲಿ 1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ಒಂದು ತೀರ್ಪಿನಿಂದ ಬೆಳೆದ ತತ್ವ ಬಹಳ ಕಾಲ ನಡೆಯಿತು: ಮುಖ್ಯವಾದದ್ದನ್ನೆಲ್ಲ ಕೇಳದಿದ್ದರೂ ಹೇಳಬೇಕು. ಇದು ಸಾಮಾನ್ಯ ಜನರಿಗೆ ಕಷ್ಟ. ಕಂಪನಿಗೆ ಯಾವುದು ಮುಖ್ಯ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಬ್ರಿಟನ್ 2012ರಲ್ಲಿ ಗ್ರಾಹಕರ ವಿಮೆಗೆಂದು ಹೊಸ ಕಾಯಿದೆ ಮಾಡಿ ಈ ಹೊರೆಯನ್ನು ತಿರುಗಿಸಿತು. 2013ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಈಗ ಕಂಪನಿ ಸ್ಪಷ್ಟವಾಗಿ ಕೇಳಬೇಕು, ಗ್ರಾಹಕರು ಎಚ್ಚರ ವಹಿಸಿ ಸರಿಯಾಗಿ ಉತ್ತರಿಸಬೇಕು. ಉತ್ತರ ತಪ್ಪಾಗಿದ್ದರೆ ಏನಾಗುತ್ತದೆ ಎಂಬುದನ್ನೂ ಆ ಕಾಯಿದೆ ಹಂತಹಂತವಾಗಿ ಹೇಳುತ್ತದೆ. ಬೇರೆ ದೇಶಗಳವರಿಗೂ ಇದರಿಂದ ವಿಷಯ ತಿಳಿಯಾಗುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಬೇಕೆಂದೇ ಸುಳ್ಳು ಹೇಳಿದ್ದರೆ, ಅಥವಾ ನಿಜವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಉತ್ತರಿಸಿದ್ದರೆ, ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು. ಕ್ಲೈಮ್ ಇಲ್ಲ. ಕಟ್ಟಿದ ಪ್ರೀಮಿಯಂ ಕೂಡ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಅಜಾಗರೂಕತೆಯಿಂದ ತಪ್ಪಾಗಿದ್ದರೆ ಕೇಳುವ ಪ್ರಶ್ನೆ ಒಂದೇ: ನಿಜ ಗೊತ್ತಿದ್ದರೆ ಕಂಪನಿ ಆವತ್ತು ಏನು ಮಾಡುತ್ತಿತ್ತು? ಟ್ರ್ಯಾಕರ್ ಇದೆ ಎಂದದ್ದಕ್ಕೆ ಪ್ರೀಮಿಯಂ 1,000ದ ಬದಲು 950 ಹಾಕಿದ್ದರು ಅಂದುಕೊಳ್ಳಿ. ಮಾಲೀಕರು ಆಪ್‌ನಲ್ಲಿ ಕಾಣುವುದೇ ಟ್ರ್ಯಾಕರ್ ಎಂದು ಭಾವಿಸಿ ಆ ಉತ್ತರ ಕೊಟ್ಟಿದ್ದರು. ಕಾರು ಕಳುವಾಯಿತು. ಆಗ ಕಂಪನಿ ಕ್ಲೈಮ್ ಮೊತ್ತದ ಶೇ. 95ರಷ್ಟು ಕೊಡಬೇಕು. ಕಟ್ಟಿದ ಪ್ರಮಾಣಕ್ಕೆ ತಕ್ಕಷ್ಟು. 20,000 ಬರಬೇಕಿದ್ದ ಕಡೆ 19,000 ಬರುತ್ತದೆ. ನೋವಾಗುತ್ತದೆ, ಆದರೆ ತಡೆದುಕೊಳ್ಳಬಹುದು.

ಅದೇ ತಪ್ಪು, ಅದೇ ಟಿಕ್, ಆದರೆ ಕಾರು ತುಂಬಾ ದುಬಾರಿಯದ್ದು. ಈ ಮಾದರಿಗೆ ಮಾನ್ಯತೆ ಪಡೆದ ಟ್ರ್ಯಾಕರ್ ಇಲ್ಲದೆ ನಾವು ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ಕಂಪನಿ ತೋರಿಸಿತು ಅಂದುಕೊಳ್ಳಿ. ಆಗ ಪ್ರಮಾಣದ ಮಾತೇ ಬರುವುದಿಲ್ಲ. ಕಟ್ಟಿದ ಪ್ರೀಮಿಯಂ ವಾಪಸ್ ಕೊಟ್ಟು ಇಡೀ ಕ್ಲೈಮ್ ನಿರಾಕರಿಸಬಹುದು. ಒಬ್ಬರಿಗೆ ಶೇ. 95, ಇನ್ನೊಬ್ಬರಿಗೆ ಸೊನ್ನೆ. ಇಬ್ಬರ ಮನಸ್ಸಿನಲ್ಲೂ ಮೋಸ ಇರಲಿಲ್ಲ.

ಆದ್ದರಿಂದ ಫಾರಂ ತುಂಬುವಾಗ ತಿಳಿಯಬೇಕಾದ ಮೊದಲ ವಿಷಯ ಇದು: ಟ್ರ್ಯಾಕರ್ ಅನ್ನುವುದು ಈ ಪಾಲಿಸಿಯಲ್ಲಿ ಬೆಲೆ ಇಳಿಸುವ ಒಂದು ಅಂಶ ಮಾತ್ರವೋ, ಅಥವಾ ಪಾಲಿಸಿಯೇ ಆಧರಿಸಿ ನಿಂತಿರುವ ಷರತ್ತೋ? ಷರತ್ತಾಗಿದ್ದರೆ ಅದು ಪಾಲಿಸಿಯ ಷರತ್ತುಗಳ ಪುಟದಲ್ಲಿ, ‘ಟ್ರ್ಯಾಕರ್ ಅಳವಡಿಸಿ, ಸದಾ ಚಾಲೂ ಸ್ಥಿತಿಯಲ್ಲಿಟ್ಟಿರಬೇಕು, ಚಂದಾ ಜಾರಿಯಲ್ಲಿರಬೇಕು’ ಎಂಬ ಧಾಟಿಯಲ್ಲಿ ಇರುತ್ತದೆ. ಟಿಕ್ ಮಾಡಿದ್ದು ಆವತ್ತಿನ ಸ್ಥಿತಿಯ ವಿವರಣೆ ಅಂತ ಗ್ರಾಹಕರು ಅಂದುಕೊಂಡಿರುತ್ತಾರೆ. ಕಂಪನಿ ಅದನ್ನು ಇಡೀ ವರ್ಷದ ಮಾತು ಎಂದು ಓದುತ್ತದೆ.

ಷರತ್ತು ಮುರಿದರೆ ಎಲ್ಲ ಕ್ಲೈಮೂ ಹೋಯಿತೇ? ಹಾಗೇನಿಲ್ಲ. ಬ್ರಿಟನ್‌ನ 2015ರ ವಿಮಾ ಕಾಯಿದೆ ಇಲ್ಲೂ ಒಂದು ಗೆರೆ ಎಳೆದಿದೆ. ಮುರಿದ ಷರತ್ತಿಗೂ ಆದ ನಷ್ಟಕ್ಕೂ ಸಂಬಂಧವೇ ಇಲ್ಲದಿದ್ದರೆ ಕಂಪನಿ ಅದನ್ನು ನೆಪ ಮಾಡುವಂತಿಲ್ಲ. ಟ್ರ್ಯಾಕರ್ ಚಂದಾ ಮುಗಿದಿತ್ತು ಎಂದು ನೆರೆಯಲ್ಲಿ ಮುಳುಗಿದ ಕಾರಿನ ಕ್ಲೈಮ್ ತಳ್ಳಿಹಾಕಲು ಬರುವುದಿಲ್ಲ. ಕಳ್ಳತನದ ಕ್ಲೈಮ್‌ಗೆ ಮಾತ್ರ ಪೆಟ್ಟು. ನಡುವೆ ಚಂದಾ ಮತ್ತೆ ಕಟ್ಟಿ ಸರಿಮಾಡಿಕೊಂಡಿದ್ದರೆ, ಆಮೇಲಿನ ಕಳ್ಳತನಕ್ಕೆ ರಕ್ಷಣೆ ಮರಳಿ ಬರುತ್ತದೆ.

ಭಾರತದ ಸುಪ್ರೀಂ ಕೋರ್ಟ್ ಬೇರೆ ದಾರಿಯಿಂದ ಇಂಥದ್ದೇ ಒಂದು ಕಡೆ ತಲುಪಿದೆ. ಖಾಸಗಿ ಬಳಕೆಗೆಂದು ವಿಮೆ ಮಾಡಿಸಿದ ವಾಹನ ಟ್ಯಾಕ್ಸಿಯಾಗಿ ಓಡುವಾಗ ಕೈತಪ್ಪಿದ ಒಂದು ಪ್ರಕರಣದಲ್ಲಿ 2008ರಲ್ಲಿ ತೀರ್ಪು ಬಂತು. ವಾಹನ ಕಳುವಾದಾಗ ಅದನ್ನು ಹೇಗೆ ಬಳಸುತ್ತಿದ್ದರು ಎಂಬುದನ್ನೇ ಹಿಡಿದು ಕ್ಲೈಮನ್ನು ಪೂರ್ತಿ ನಿರಾಕರಿಸಲಾಗದು ಎಂದ ನ್ಯಾಯಾಲಯ, ಶೇ. 75ರಷ್ಟು ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಆದರೆ ಈ ಸಮಾಧಾನ ಟ್ರ್ಯಾಕರ್ ವಿಷಯದಲ್ಲಿ ಅಷ್ಟಾಗಿ ಸಿಗಲಾರದು. ಟ್ರ್ಯಾಕರ್‌ಗೂ ಕಳ್ಳತನಕ್ಕೂ ನೇರ ಸಂಬಂಧ ಇರುವುದರಿಂದ, ‘ಈ ತಪ್ಪಿನಿಂದ ನಷ್ಟಕ್ಕೇನೂ ಆಗಿಲ್ಲ’ ಎಂದು ವಾದಿಸುವುದು ಕಷ್ಟ.

ಉಸಿರು ನಿಂತ ಟ್ರ್ಯಾಕರ್

ಇಡೀ ವಿಷಯದಲ್ಲಿ ಹೆಚ್ಚು ಅನ್ಯಾಯ ಆಗುವ ಜಾಗ ಇದು. ಕೊಂಡ ದಿನ ಉತ್ತರ ನಿಜವೇ ಆಗಿತ್ತು. ಆಮೇಲೆ ಸದ್ದಿಲ್ಲದೆ ಸುಳ್ಳಾಯಿತು.

ಹೊಸ ಕಾರಿನ ಜೊತೆ ಬಂದ ಕೆಲವು ವರ್ಷದ ಉಚಿತ ಚಂದಾ ಮುಗಿಯುತ್ತದೆ. ನೆನಪೋಲೆ ಹಳೇ ಇಮೇಲ್‌ಗೆ ಹೋಗಿರುತ್ತದೆ. ಚಂದಾ ಕಟ್ಟುತ್ತಿದ್ದ ಕಾರ್ಡಿನ ಅವಧಿ ಮುಗಿದಿರುತ್ತದೆ. ಬ್ಯಾಟರಿ ಬದಲಿಸಿದ ಗ್ಯಾರೇಜಿನವರು ಟ್ರ್ಯಾಕರ್‌ನ ತಂತಿ ಮತ್ತೆ ಜೋಡಿಸುವುದನ್ನು ಮರೆತಿರುತ್ತಾರೆ. ಸರ್ವಿಸ್‌ಗೆ ಬಿಡುವಾಗ ಹೆಚ್ಚುವರಿ ಇಮ್ಮೊಬಿಲೈಸರನ್ನು ಸರ್ವಿಸ್ ಸ್ಥಿತಿಗೆ ಹಾಕಿದ್ದು, ವಾಪಸ್ ತಂದ ಮೇಲೂ ಹಾಗೇ ಉಳಿದಿರುತ್ತದೆ. ಕಾರು ಎಂದಿನಂತೆ ಓಡುತ್ತದೆ. ಯಾವ ದೀಪವೂ ಉರಿಯುವುದಿಲ್ಲ, ಯಾವ ಶಬ್ದವೂ ಬರುವುದಿಲ್ಲ.

ಕೆಲವೊಮ್ಮೆ ಮಾಲೀಕರ ಕೈಯಲ್ಲಿ ಏನೂ ಇರುವುದಿಲ್ಲ. ಅಮೆರಿಕದಲ್ಲಿ ಮೊಬೈಲ್ ಕಂಪನಿಗಳು 2022ರಲ್ಲಿ 3ಜಿ ಜಾಲ ಮುಚ್ಚಿದವು. ಅದನ್ನೇ ನಂಬಿದ್ದ ಹಲವು ಕಾರುಗಳ ಸಂಪರ್ಕ ಸೇವೆಗಳು ಒಟ್ಟಿಗೆ ನಿಂತುಹೋದವು. ಕಾರಿನೊಳಗೆ ಪೆಟ್ಟಿಗೆ ಇದೆ, ಮಾತಾಡಲು ಜಾಲ ಇಲ್ಲ.

ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ತೊಂದರೆ ಇನ್ನೂ ಜಾಸ್ತಿ. ಜಾಹೀರಾತಿನಲ್ಲಿ ‘ಟ್ರ್ಯಾಕರ್ ಇದೆ’ ಎಂದಿರುತ್ತದೆ. ಖಾತೆ ಹಿಂದಿನ ಮಾಲೀಕರ ಹೆಸರಲ್ಲೇ ಇರುತ್ತದೆ. ಕಾರು ಕದ್ದುಹೋದಾಗ ನಿಗಾ ಕೇಂದ್ರ ಫೋನ್ ಮಾಡುವುದು ಅವರಿಗೆ. ಹೊಸ ಮಾಲೀಕರ ಹೆಸರಿಗೆ ಅದು ವರ್ಗವಾಗುವ ತನಕ ಆ ಟ್ರ್ಯಾಕರ್ ಅವರದ್ದಲ್ಲ.

ಇದಕ್ಕೆಲ್ಲ ಮೇಲೆ ಒಂದು ಸೌಕರ್ಯ ಇದೆ, ತಾನಾಗಿಯೇ ಆಗುವ ರಿನ್ಯೂವಲ್. ಕಳೆದ ವರ್ಷದ ಉತ್ತರಗಳೇ ಈ ವರ್ಷದ ಫಾರಂನಲ್ಲಿ ತುಂಬಿಕೊಂಡು ಬರುತ್ತವೆ. ಓದದೆ ಒಪ್ಪಿಗೆ ಒತ್ತಿದರೆ, ಸತ್ತ ಟ್ರ್ಯಾಕರನ್ನು ಹೊಸದಾಗಿ ಮತ್ತೊಮ್ಮೆ ಘೋಷಿಸಿದಂತೆ.

ಎರಡು ಕಡೆಯ ವಾದ

ವಿಮಾ ಕಂಪನಿಗಳು ಹೇಳುವುದರಲ್ಲಿ ಅರ್ಥವಿಲ್ಲದಿಲ್ಲ. ಪ್ರತಿ ಕಾರನ್ನೂ ಹೋಗಿ ನೋಡಲು ಆಗುವುದಿಲ್ಲ, ಗ್ರಾಹಕರ ಮಾತನ್ನೇ ನಂಬಬೇಕು. ಮಾತು ತಪ್ಪಾಗಿದ್ದರೂ ಪೂರ್ತಿ ಹಣ ಕೊಟ್ಟರೆ ಆ ಹೊರೆ ನಿಜ ಹೇಳಿದವರ ಪ್ರೀಮಿಯಂ ಮೇಲೆ ಬೀಳುತ್ತದೆ.

ಗ್ರಾಹಕರ ಪರ ಇರುವವರ ಪ್ರಶ್ನೆ ಬೇರೆ. ‘ಟ್ರ್ಯಾಕರ್ ಇದೆಯೇ’ ಎಂದು ಒಂದೇ ಸಾಲಿನಲ್ಲಿ ಕೇಳಿ, ಯಾವ ದರ್ಜೆ, ಚಂದಾ ಇದೆಯೇ, ಯಾರ ಹೆಸರಿನಲ್ಲಿದೆ ಎಂದು ಕೇಳದೆ, ಕ್ಲೈಮ್ ಬಂದಾಗ ಮಾತ್ರ ಇವೆಲ್ಲವನ್ನೂ ಕೆದಕುವುದು ಸರಿಯೇ? ಈ ವಾದವೇ ಹೆಚ್ಚು ತೂಕದ್ದು. ಹಣ ತೆಗೆದುಕೊಳ್ಳುವಾಗ ಸಡಿಲ ಪ್ರಶ್ನೆ, ಕೊಡುವಾಗ ಬಿಗಿ ಪ್ರಶ್ನೆ ಎಂಬುದು ನ್ಯಾಯವಲ್ಲ. ಮಾನ್ಯತೆ ಪಡೆದ ಟ್ರ್ಯಾಕರ್‌ನ ಚಂದಾ ಮುಗಿದರೆ ಟ್ರ್ಯಾಕರ್ ಕಂಪನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಗ್ರಾಹಕರ ಒಪ್ಪಿಗೆ ಪಡೆದು ಆ ಒಂದು ಸಂಗತಿಯನ್ನು ವಿಮಾ ಕಂಪನಿಗೂ ತಿಳಿಸಿ, ಅವರಿಂದ ಗ್ರಾಹಕರಿಗೆ ಎಚ್ಚರಿಕೆ ಹೋಗುವಂತೆ ಮಾಡುವುದು ಕಷ್ಟದ ಕೆಲಸವಲ್ಲ.

ಹಾಗೆ ಮಾಡಲು ಹೊರಟರೆ ಮೊದಲು ಹೇಳಿದ ಎರಡನೇ ಸುದ್ದಿ ಅಡ್ಡ ಬರುತ್ತದೆ. ಜನರಲ್ ಮೋಟರ್ಸ್ ಪ್ರಕರಣದಲ್ಲಿ ಹೋದದ್ದು ‘ಟ್ರ್ಯಾಕರ್ ಜೀವಂತ ಇದೆ’ ಎಂಬ ಒಂದು ಸಾಲಲ್ಲ. ಎಷ್ಟು ಸಲ ಜೋರಾಗಿ ಬ್ರೇಕ್ ಹಾಕಿದರು, ಎಷ್ಟು ವೇಗ, ರಾತ್ರಿ ಹೊತ್ತು ಎಷ್ಟು ಓಡಿಸಿದರು ಎಂಬ ಪ್ರಯಾಣ ಪ್ರಯಾಣದ ಲೆಕ್ಕ. ಕೆಲವರ ಪ್ರೀಮಿಯಂ ಏರಿದಾಗಲೇ ಅವರಿಗೆ ವಿಷಯ ಗೊತ್ತಾದದ್ದು. ಹೀಗಾದ ಮೇಲೆ ಜನ ಕಳ್ಳತನದ ಟ್ರ್ಯಾಕರನ್ನೂ ಅನುಮಾನದಿಂದ ನೋಡುತ್ತಾರೆ. ಹೇಳದೇ ಇರುತ್ತಾರೆ, ಅಥವಾ ಚಂದಾ ನಿಲ್ಲಿಸುತ್ತಾರೆ. ಕಳ್ಳತನದ ಟ್ರ್ಯಾಕರ್‌ನ ಮಾಹಿತಿ, ಚಾಲನೆಯ ಮಾಹಿತಿ ಎರಡನ್ನೂ ಬೇರೆ ಬೇರೆ ಇಡುವ ನಿಯಮ ಬರುವ ತನಕ ಈ ಅನುಮಾನ ಹೋಗುವುದಿಲ್ಲ.

ಗ್ರಾಹಕರ ಮಟ್ಟಿಗೆ ಸದ್ಯ ಇರುವ ವ್ಯತ್ಯಾಸ ಇಷ್ಟು. ಕಳ್ಳತನದ ಟ್ರ್ಯಾಕರ್ ಇದೆ ಎಂದು ಘೋಷಿಸಿದ ಮಾತ್ರಕ್ಕೆ ನಿಮ್ಮ ಚಾಲನೆಯ ವಿವರ ವಿಮಾ ಕಂಪನಿಗೆ ಹೋಗಬೇಕಾಗಿಲ್ಲ. ಅದು ಹೋಗುವುದು ಬ್ಲ್ಯಾಕ್ ಬಾಕ್ಸ್ ಪಾಲಿಸಿ ಕೊಂಡಾಗ, ಅಥವಾ ಕಾರಿನ ಆಪ್‌ನಲ್ಲಿ ಓದದೆ ಒಪ್ಪಿಗೆ ಕೊಟ್ಟಾಗ.

ಫಾರಂ ಮುಂದೆ ಕೂತಾಗ

ಇರುವುದನ್ನು ಇದ್ದಂತೆ ಬರೆಯಬೇಕು ಎಂಬುದು ಸರಿ. ಆದರೆ ಫಾರಂ ಹೌದು-ಇಲ್ಲ ಎರಡನ್ನೇ ಕೊಟ್ಟಿದ್ದರೆ? ಪ್ರಶ್ನೆಯ ಪಕ್ಕದ ವಿವರಣೆ ಓದಿ. ‘ಮಾನ್ಯತೆ ಪಡೆದ’, ‘ವೃತ್ತಿಪರರು ಅಳವಡಿಸಿದ’, ‘ನಿಗಾ ಇರುವ’ ಎಂಬ ಮಾತುಗಳಿದ್ದರೆ, ಫೋನಿನ ಆಪ್‌ಗೂ ಏರ್‌ಟ್ಯಾಗ್‌ನಂಥ ಬಿಲ್ಲೆಗೂ ಉತ್ತರ ‘ಇಲ್ಲ’. ವಿವರಣೆಯೇ ಇಲ್ಲದಿದ್ದರೆ ಕಂಪನಿಗೆ ಇಮೇಲ್ ಮಾಡಿ, ನಿಮ್ಮ ಕಾರಿನಲ್ಲಿರುವ ಸಾಧನದ ಹೆಸರು ಹೇಳಿ, ಯಾವ ಉತ್ತರ ಕೊಡಬೇಕು ಎಂದು ಕೇಳಿ. ಫೋನಿನಲ್ಲಿ ಕೇಳಿದ್ದಕ್ಕಿಂತ ಬರಹದಲ್ಲಿ ಬಂದ ಉತ್ತರ ಮುಂದೆ ಕೆಲಸಕ್ಕೆ ಬರುತ್ತದೆ.

ಕಾರ್ಖಾನೆಯಲ್ಲೇ ಹಾಕಿದ ಅ‌ಲಾರಂ, ಇಮ್ಮೊಬಿಲೈಸರ್ ಬಗ್ಗೆ ಊಹೆ ಬೇಡ. ಒಂದೇ ಮಾದರಿಯ ಕಾರಿನ ಅಗ್ಗದ ಆವೃತ್ತಿಯಲ್ಲಿ ಇಲ್ಲದ್ದು ದುಬಾರಿ ಆವೃತ್ತಿಯಲ್ಲಿ ಇರಬಹುದು. ಕಾರಿನ ಕೈಪಿಡಿಯಲ್ಲಿ ಅಥವಾ ಡೀಲರ್ ಬಳಿ ಇದು ಖಚಿತವಾಗುತ್ತದೆ. ಹೊರಗೆ ಹಾಕಿಸಿದ ಅಲಾರಂ ಅಥವಾ ಇಮ್ಮೊಬಿಲೈಸರನ್ನು ಕೆಲವು ಕಂಪನಿಗಳು ಕಾರಿಗೆ ಮಾಡಿದ ಮಾರ್ಪಾಡು ಎಂದೂ ಎಣಿಸುತ್ತವೆ. ಒಳ್ಳೆಯದಕ್ಕೇ ಹಾಕಿಸಿದ್ದರೂ ಅದನ್ನು ಮಾರ್ಪಾಡಿನ ಪ್ರಶ್ನೆಯಲ್ಲೂ ಹೇಳಿಬಿಡುವುದು ಕ್ಷೇಮ.

ಟ್ರ್ಯಾಕರ್ ಅಳವಡಿಸಿದ ಸರ್ಟಿಫಿಕೇಟ್, ಚಂದಾ ಕಟ್ಟಿದ ರಸೀದಿ, ಖಾತೆ ನಿಮ್ಮ ಹೆಸರಲ್ಲಿರುವ ಪುಟ, ಈ ಮೂರನ್ನೂ ಪಾಲಿಸಿಯ ಜೊತೆಗೇ ಇಟ್ಟುಕೊಳ್ಳಿ. ಕಳ್ಳತನದ ಕ್ಲೈಮ್‌ನಲ್ಲಿ ಕಾರಿನ ಎಲ್ಲಾ ಕೀಲಿಗಳ ಜೊತೆ ಇವನ್ನೂ ಕೇಳಬಹುದು. ವರ್ಷದ ನಡುವೆ ಟ್ರ್ಯಾಕರ್ ಕೆಟ್ಟರೆ, ಚಂದಾ ನಿಂತರೆ, ತಯಾರಕರೇ ಸೇವೆ ಮುಚ್ಚಿದರೆ ಆ ದಿನವೇ ಕಂಪನಿಗೆ ತಿಳಿಸಬೇಕು. ಪ್ರೀಮಿಯಂ ಸ್ವಲ್ಪ ಏರಬಹುದು. ಆದರೆ ಆಮೇಲೆ ಕಾರು ಕಳುವಾದರೆ, ನೀವು ತಿಳಿಸಿದ ದಿನಾಂಕ ಅವರ ಕಡತದಲ್ಲಿ ಇರುತ್ತದೆ.

ರಿನ್ಯೂವಲ್ ಪತ್ರ ಬಂದಾಗ ಪ್ರೀಮಿಯಂ ಮೊತ್ತಕ್ಕಿಂತ ಮೊದಲು ‘ನೀವು ನಮಗೆ ತಿಳಿಸಿದ ವಿವರಗಳು’ ಎಂಬ ಪುಟ ತೆರೆಯಿರಿ. ಅದರಲ್ಲಿ ಭದ್ರತೆಯ ಸಾಲು ಹುಡುಕಿ. ಆಮೇಲೆ ಟ್ರ್ಯಾಕರ್ ಕಂಪನಿಗೆ ಫೋನ್ ಮಾಡಿ, ‘ನನ್ನ ಕಾರು ಈಗ ನಿಮಗೆ ಕಾಣುತ್ತಿದೆಯೇ?’ ಎಂದು ಕೇಳಿ, ಅವರು ಹೇಳುವ ಜಾಗ ನಿಮ್ಮ ಕಾರು ನಿಂತ ಜಾಗವೇ ಹೌದೋ ಎಂದು ಹೊರಗೆ ಹೋಗಿ ನೋಡಿ ಬನ್ನಿ.